ಮೊದಲ ಹಿಡಿ ಬೀಜ

ಗೋವಿನಕೋವಿ
ಜೂನ್ ೯

ನ್ಯಾಮತಿಯ ಬೀಜದಂಗಡಿ ಮಹೇಶ್ವರಪ್ಪನವರಿಗೆ ಹಾಲಮ್ಮನ ನಮಸ್ಕಾರ.

ನೀವು ನನ್ನ ಫೋನ್ ಎತ್ತುವುದಿಲ್ಲ, ಪತ್ರವನ್ನಾದರೂ ಒಡೆದು ಓದುತ್ತೀರೆಂದು ಬರೆಯುತ್ತಿದ್ದೇನೆ. ನನ್ನ ಕೈಗುಣ ಒಳ್ಳೆಯದೆಂದು ಬಿತ್ತನೆಯ ದಿನ ಊರವರು ಮೊದಲ ಹಿಡಿ ಬೀಜವನ್ನು ನನ್ನಿಂದಲೇ ಹಾಕಿಸುತ್ತಿದ್ದರು. ನೀವು ನನ್ನನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಕಳೆದ ಮುಂಗಾರಿನಲ್ಲಿ ನಿಮ್ಮ ಮೆಕ್ಕೆಜೋಳದ ಬೀಜವನ್ನು ಹನ್ನೊಂದು ಮನೆಗೆ ಮಾರಿಕೊಟ್ಟೆ. ಒಂದು ತೆನೆಯಲ್ಲೂ ಕಾಳು ಕಟ್ಟಲಿಲ್ಲ. ಗ್ರಾಹಕರ ಕೋರ್ಟಿನ ನೋಟಿಸ್ ನನಗೊಬ್ಬಳಿಗೇ ಬಂದಿದೆ.

ಅವತ್ತು ಬೀಜ ತರುವಾಗ ನಾನು ಬಿಲ್ ಕೇಳಿದ್ದಕ್ಕೆ ನೀವು, "ನಿನ್ನ ಕೈ ನಂಬಿ ತಗೊಳ್ಳೋರಿಗೆ ಬಿಲ್ ಯಾಕೆ ಹಾಲಮ್ಮ, ಒಂದು ಚೀಟಿ ಬರ್ಕೊಡು ಸಾಕು" ಅಂದಿರಿ. ನಾನು ಎಲ್ಲ ಚೀಟಿಗೂ ನನ್ನ ಹೆಸರೇ ಹಾಕಿದೆ.

ವಕೀಲರು ಚೀಟಿ ನೋಡಿ, "ಅಂಗಡಿಯವರ ಹೆಸರು ಹೇಳದೆ ಮಾರಿದ್ದಕ್ಕೆ ನೀನೇ ಹೊಣೆ ಆಗ್ತೀಯ ಕಣಮ್ಮ. ಅವರನ್ನೂ ಕೇಸಿಗೆ ಸೇರಿಸ್ಬೇಕಂದ್ರೆ ಬೀಜ ಅವರದ್ದೇ ಅನ್ನಾಕೆ ನಿನ್ನತ್ರ ಏನೈತೆ?" ಎಂದರು. ನನ್ನ ಹತ್ತಿರ ಏನೂ ಇರಲಿಲ್ಲ.

ಕೋರ್ಟಿಗೆ ನೀವು ಬರದಿದ್ದರೂ ಸರಿ. ಒಮ್ಮೆ ನಮ್ಮೂರಿಗೆ ಬಂದು, "ಬೀಜ ನನ್ನದು, ಕೈ ಮಾತ್ರ ಅವಳದು" ಎಂದು ನಾಲ್ಕು ಜನರ ಮುಂದೆ ಹೇಳಿ ಹೋಗಿ. ಬೆಳಗಿನ ಬಸ್ಸಿಗೆ ಬಂದರೆ ಮಧ್ಯಾಹ್ನಕ್ಕೆ ಅಂಗಡಿಗೆ ವಾಪಸ್ ಹೋಗಬಹುದು.

ನಿನ್ನೆ ನಮ್ಮ ಹೊಲದಲ್ಲೇ ಬಿತ್ತನೆ ಇತ್ತು. ಮೊದಲ ಹಿಡಿ ಹಾಕಲು ಸೊಸೆ ಪಕ್ಕದ ಮನೆಯವಳನ್ನು ಕರೆದಳು. ನಾನು ಬದುವಿನ ಮೇಲೆ ಕೂತು ಬುತ್ತಿಗಂಟು ಕಾದೆ.

ಇಂತಿ,
ಹಾಲಮ್ಮ