ಗಡ್ಡದಲ್ಲಿ ಕುಂಕುಮ

ರಿಫಾ, ಬಹರೈನ್
14 ನವೆಂಬರ್ 2024

ಪ್ರೀತಿಯ ಅಮ್ಮನಿಗೆ ವಿನಿತಾಳ ನಮಸ್ಕಾರ.

ಫೋನ್ ಮಾಡಿದಾಗಲೆಲ್ಲ ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಾರೆ ಅಪ್ಪ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತೀ ಮಾರಾಯ್ತಿ? ಅದಕ್ಕೇ ರಜೆಯಲ್ಲಿ ಊರಿಗೆ ಹೊರಟ ಲತೇಶಣ್ಣನ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ.

ನಾನು ಹುಷಾರಿದ್ದೇನೆ. ಹೊಲಿಗೆ ಒಣಗಿದೆ. ಮಗು ಹೊಟ್ಟೆಯಲ್ಲೇ ಹೋದದ್ದು ನಿನ್ನಿಂದ ಅಲ್ಲ. ಹೊಕ್ಕುಳಬಳ್ಳಿ ಗಂಟು ಬಿದ್ದಿತ್ತೆಂದು ಡಾಕ್ಟರು ಹೇಳುವಾಗ ನೀನೂ ಅಲ್ಲೇ ಇದ್ದೆ.

ಬಾಣಂತನಕ್ಕೆಂದು ನೀನು ಬಂದ ಮರುದಿನವೇ ಶೈಲೇಶರ ಮೇಜಿನ ಮೇಲೆ ಪೆನ್ನು ಇಡುತ್ತಿದ್ದ, ಗಡ್ಡದ ಅಜ್ಜನನ್ನು ಕೆತ್ತಿದ ಬಿದಿರಿನ ಡಬ್ಬಿ ದೇವರ ಮಂಟಪ ಸೇರಿತು. ಅವರ ಆಫೀಸಿನ ಚೀನಾದವನು ಕೆಲಸ ಬಿಡುವಾಗ ಕೊಟ್ಟದ್ದು. ಋಷಿಯ ತಲೆಗೆ ಪೆನ್ನು ಚುಚ್ಚುವುದುಂಟಾ ಎಂದು ನೀನು ಅಳಿಯನಿಗೇ ಗದರಿಸಿದೆ. ಅವರು ನಕ್ಕು ಪೆನ್ನುಗಳನ್ನು ತೆಗೆದರು. ಆಮೇಲೆ ದಿನಾ ಬೆಳಿಗ್ಗೆ ಅವನಿಗೆ ಕುಂಕುಮ, ಹೂ, ನನ್ನ ಹೊಟ್ಟೆ ತಣ್ಣಗಿರಲಿ ಎಂಬ ಪ್ರಾರ್ಥನೆ.

ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದ ಕೆಳಮನೆಯ ಗ್ಲೆನಿಟಾ, ಅಯ್ಯೋ ಆಂಟಿ, ಇದು ಚೀನಾದವರು ಬರೆಯುವ ಬ್ರಷ್ ಇಡುವ ಡಬ್ಬ ಅಲ್ವಾ, ದೇವರಲ್ಲ ಎಂದುಬಿಟ್ಟಳು. ಕಂಡಕಂಡದ್ದಕ್ಕೆ ಕೈಮುಗಿದೆ, ನಮ್ಮ ದೇವರು ಮುನಿದರು ಎಂದು ಹಣೆ ಚಚ್ಚಿಕೊಂಡು ನೀನು ಮರುದಿನದ ವಿಮಾನಕ್ಕೇ ಹೊರಟೆ. ನಾನು ಬೇಡ ಎನ್ನಲಿಲ್ಲ. ಆಗ ನನಗೆ ಏನೂ ಅನಿಸುತ್ತಿರಲಿಲ್ಲ. ಈಗಲೂ ಅಷ್ಟೇ.

ಮೊನ್ನೆ ಆ ಡಬ್ಬಿಯನ್ನು ಸುತ್ತಲೂ ತಿರುಗಿಸಿ ನೋಡಿದೆ. ನೀನು ಒಂದು ಬದಿ ಮಾತ್ರ ನೋಡಿದ್ದು. ಪೈನ್ ಮರದಡಿ ಕೋಲೂರಿ ನಡೆಯುವ ನಿನ್ನ ಋಷಿಯ ಮುಂದೆ ತೊರೆ ದಾಟಲು ಒಂದು ಸಣ್ಣ ಸಂಕವಿದೆ. ಅದರಾಚೆ, ಬಂಡೆಯ ಹಿಂದೆ, ಹುಲ್ಲಿನ ಮನೆ. ಕಿಟಕಿಯಲ್ಲಿ ಇನ್ನೊಬ್ಬ ಅಜ್ಜ ಪುಸ್ತಕ ಬಿಡಿಸಿ ಕೂತಿದ್ದಾನೆ. ಗೆಳೆಯನ ಮನೆಗೆ ಹೊರಟವನು ಅಷ್ಟೇ, ಪಾಪ. ಓದುಬರಹದವರ ಮೇಜಿಗೆ ಇಂಥದ್ದೇ ಕೆತ್ತುತ್ತಾರಂತೆ. ಅವನು ಯಾರ ಮಗುವನ್ನು ಕೊಲ್ಲುತ್ತಾನೆ ಅಮ್ಮ?

ಗಡ್ಡದ ಗೀರುಗಳಲ್ಲೆಲ್ಲ ನಿನ್ನ ಕುಂಕುಮ ಕೂತಿದೆ. ಶೈಲೇಶ್ ಹಳೆಯ ಟೂತ್‌ಬ್ರಷ್ ಹಿಡಿದು ಉಜ್ಜಲು ಹೊರಟರು, ಬೇಡ ಎಂದೆ. ಡಬ್ಬಿಯನ್ನು ಹಾಗೆಯೇ ಮೇಜಿನ ಮೇಲಿಟ್ಟಿದ್ದೇನೆ.

ಅಡುಗೆ ಮಾಡುತ್ತೇನೆ, ಉಣ್ಣುತ್ತೇನೆ, ಮಲಗುತ್ತೇನೆ. ಅಳು ಮಾತ್ರ ಬಂದಿಲ್ಲ. ನನ್ನ ಚಿಂತೆ ಬೇಡ. ಫೋನ್ ಎತ್ತು, ಸಾಕು.

ನಿನ್ನ ಮಗಳು,
ವಿನಿತಾ

ಮತ್ತೊಂದು ಮಾತು: ಎದೆಹಾಲು ಬಂತಾ ಎಂದು ಆಸ್ಪತ್ರೆಯಲ್ಲಿ ಕೇಳಿದ್ದೆಯಲ್ಲ, ಆಗ ಬಂದಿರಲಿಲ್ಲ. ಶೈಲೇಶ್ ನಿನ್ನನ್ನು ವಿಮಾನಕ್ಕೆ ಬಿಡಲು ಹೋಗಿದ್ದಾಗ ಬಂತು. ನೈಟಿ ಎಲ್ಲ ಒದ್ದೆ. ಏನು ಮಾಡುವುದೆಂದು ಗೊತ್ತಾಗದೆ ಸಿಂಕಿನ ಮುಂದೆ ನಿಂತು ಹಿಂಡಿ ಚೆಲ್ಲಿದೆ. ಅಮ್ಮಾ ಎಂದು ಜೋರಾಗಿ ಕರೆದೆ. ನೀನು ಆಗ ಇನ್ನೂ ಬಹರೈನಿನಲ್ಲೇ ಇದ್ದೆ.