‘ಇಲ್ಲ’ ಎಂದು ಬರೆದುಕೊಟ್ಟೆ

ಪ್ರೀತಿಯ ಅತುಲ್,

ಇಲ್ಲಿ ನೈರೋಬಿಯಲ್ಲಿ ರಾತ್ರಿ ಎರಡೂ ಮುಕ್ಕಾಲು. ಒಂದೂವರೆಗೆ ಡ್ರಿಪ್ಪಿನ ಯಂತ್ರ ಕೂಗಿಕೊಂಡು ಎಚ್ಚರವಾಯಿತು. ನಾನೂ ನಮ್ಮ ಪುಟ್ಟಿ ಜಾನೂ ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಯಲ್ಲಿದ್ದೇವೆ. ಗಾಬರಿಯಾಗಬೇಡ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಸಂಜೆ ಅವಳಿಗೆ ಹೊಟ್ಟೆನೋವು ಶುರುವಾಯಿತು, ಅಪೆಂಡಿಕ್ಸ್ ಅಂತೆ. ಬೆಳಿಗ್ಗೆ ಏಳಕ್ಕೆ ಆಪರೇಷನ್. ಮುಂದೂಡುವ ಹಾಗಿಲ್ಲ.

ನೈರೋಬಿಯ ಗುಲಾಬಿ ಹೂವಿನ ಗೋದಾಮುಗಳನ್ನು ತಣ್ಣಗಿಡುವ ನಿನಗೆ ಮಿಲಾನಿನ ಚಳಿಗಾಲದ ಒಲಿಂಪಿಕ್ಸಿನಲ್ಲಿ ಐಸ್ ಕರಗದಂತೆ ಕಾಯುವ ಕೆಲಸ ಸಿಕ್ಕಾಗ, ‘ಹೋಗೋ, ಇಂಥ ಚಾನ್ಸ್ ಮತ್ತೆ ಬರಲ್ಲ’ ಎಂದು ತಳ್ಳಿದವಳು ನಾನೇ. ರಾತ್ರಿ ವಾರ್ಡಿನ ಟಿವಿಯಲ್ಲಿ ಸ್ಕೇಟಿಂಗ್ ಬರುತ್ತಿತ್ತು. ಆ ನೋವಿನಲ್ಲೂ ಜಾನು, ‘ಈಸ್ ದಟ್ ಅಪ್ಪಾಸ್ ಐಸ್?’ ಅಂದಳು. ಜಗತ್ತೆಲ್ಲ ನೋಡುತ್ತಿರುವ ಊರಿನಲ್ಲಿದ್ದೀಯ, ನನಗೊಬ್ಬಳಿಗೆ ಸಿಗುತ್ತಿಲ್ಲ. ಯಂತ್ರದ ಮನೆಗೆ ಇಳಿಯುವಾಗ ಫೋನನ್ನು ಲಾಕರಿನಲ್ಲಿಡುತ್ತೀಯ, ಗೊತ್ತು. ಆದರೂ ಹದಿನಾಲ್ಕು ಸಲ ಮಾಡಿದೆ. ಅಲ್ಲಿನ ಎರಡಕ್ಕೆ ನಿನ್ನ ಬಿಡುವು, ಇಲ್ಲಿನ ನಾಲ್ಕು. ಆಗ ಮೊದಲು ಮೇಲ್ ನೋಡುತ್ತೀಯ, ಅದಕ್ಕೇ ಇದು.

ಒಂದು ತಪ್ಪು ಮಾಡಿದ್ದೇನೆ. ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತೇ ಎಂದು ಫಾರಮ್ಮಿನಲ್ಲಿ ಕೇಳಿದ್ದರು. ಇಲ್ಲ ಎಂದು ಬರೆದುಕೊಟ್ಟೆ. ಮದುವೆಯಾದ ಹೊಸದರಲ್ಲಿ ನಿಮ್ಮಮ್ಮ ಹೇಳಿಕೊಟ್ಟಿದ್ದು, ಯಾರೇ ಕೇಳಲಿ, ‘ಅತುಲ್ ಒಬ್ಬನೇ ಮಗ’ ಅನ್ನಬೇಕು. ಏಳು ವರ್ಷ ಹಾಗೇ ಹೇಳಿ ಹೇಳಿ, ನಿನಗೊಬ್ಬ ಅಣ್ಣನಿದ್ದ ಎಂಬುದೇ ಮರೆತಿದ್ದೆ. ಎಚ್ಚರವಾದಾಗ ಅವನ ನೆನಪಾಯಿತು. ‘ಅಭಿ ಟಾನ್ಸಿಲ್ ಆಪರೇಷನ್‌ಗೆ ಹೋದೋನು ಬರ್ಲೇ ಇಲ್ಲ, ನಾನು ಹೊರಗೆ ಬೆಂಚ್ ಮೇಲೆ ಕೂತಿದ್ದೆ’ ಎಂದು ನೀನು ಒಂದೇ ಒಂದು ಸಲ ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದ್ದೆ.

ನರ್ಸಿಗೆ ಹೇಳಿದೆ. ‘ಪೋಲೆ, ಮಾಮಾ’, ಪಾಪ ಕಣಮ್ಮ ಎಂದು ತನ್ನ ಸ್ವಾಹಿಲಿಯಲ್ಲೇ ಹೇಳಿ, ಕೈ ಹಿಡಿದು ಸಮಾಧಾನ ಮಾಡಿ, ಡಾಕ್ಟರನ್ನು ಕರೆದಳು. ಆ ಹುಡುಗ ಹೋದದ್ದು ರಕ್ತಸ್ರಾವದಿಂದಲೋ ಅರಿವಳಿಕೆಯಿಂದಲೋ, ಮೈ ಕಾದು ಸೆಟೆದುಕೊಂಡಿತ್ತೇ ಎಂದು ಕೇಳಿದರು. ಅರಿವಳಿಕೆಯಿಂದಾಗಿದ್ದರೆ ಅದು ರಕ್ತಸಂಬಂಧದಲ್ಲಿ ಮಕ್ಕಳಿಗೂ ಬರಬಹುದಂತೆ. ಎಚ್ಚರಿಕೆಯಿಂದಲೇ ಮಾಡುತ್ತಾರಂತೆ, ಆದರೂ ಗೊತ್ತಾದರೆ ಒಳ್ಳೆಯದಂತೆ. ನನಗೇನು ಗೊತ್ತು? ಮೈಸೂರಿಗೆ ಫೋನ್ ಮಾಡಿದೆ. ‘ಮಗೂ ಆಪರೇಷನ್ ದಿವ್ಸ ಆ ಹೆಸ್ರು ಎತ್ತಬೇಡ್ವೇ, ಅಪಶಕುನ’ ಎಂದು ಅತ್ತೆ ಅಳುತ್ತಾ ಇಟ್ಟುಬಿಟ್ಟರು. ಮತ್ತೆ ಎತ್ತುತ್ತಿಲ್ಲ. ಮಾವ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ.

ಅಭಿ ಹೋದಾಗ ನಿನಗೆ ಒಂಬತ್ತು ವರ್ಷ. ಹೊರಗೆ ಬೆಂಚಿನ ಮೇಲೆ ನೀನೂ ಕೂತಿದ್ದೆಯಲ್ಲ, ಡಾಕ್ಟರು ಬಂದು ಏನಂದರು? ನೆನಪಿಲ್ಲದಿದ್ದರೆ ಅಮ್ಮನನ್ನು ಕೇಳು, ನಿನ್ನ ಫೋನಾದರೆ ಎತ್ತುತ್ತಾರೆ. ಬಯ್ಯಲಿ, ಅಳಲಿ, ಬಿಡಬೇಡ. ಗಾಯ ಕೆದಕುತ್ತಿದ್ದೇನೆ, ಕ್ಷಮಿಸು.

ಆರೂವರೆಗೆ ಅವಳನ್ನು ಒಳಗೆ ಕರೆದೊಯ್ಯುತ್ತಾರೆ. ದೇವರು ನಿಮ್ಮಿಬ್ಬರನ್ನೂ ಕಾಯಲಿ. ಓದಿದ ಕೂಡಲೇ, ನಿಂತಲ್ಲಿಂದಲೇ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡೋ. ದಮ್ಮಯ್ಯ, ಮಾಡೋ.

ನಿನ್ನ
ಭಾರ್ಗವಿ