ಸೋಲಾರ್ ಫಲಕಕ್ಕೆ ಕುಂಕುಮ ಇಟ್ಟವರ ಅಪರಾಧ

ಹಸಿರು ಉದ್ಯೋಗದ ತರಬೇತಿ ಕೊಡುವ ಮಾನ್ಯ ಅಧಿಕಾರಿಗಳೇ,

ಕೆಲಸ ಹೋದ ಮೇಲೆ ನನಗೆ ಮಧ್ಯಾಹ್ನದ ಜೊಂಪಿನಲ್ಲೂ ಕೆಟ್ಟ ಕನಸು. ಅಜ್ಜಂಪುರದಾಚೆಯ ಬಯಲಲ್ಲಿ ಸೋಲಾರ್ ಫಲಕಗಳೆಲ್ಲ ನನ್ನನ್ನೇ ನೋಡುತ್ತಿರುತ್ತವೆ. ಒರೆಸಲು ಹೋದರೆ ಕೈತುಂಬ ಕುಂಕುಮ, ಮುಗಿಯುವುದೇ ಇಲ್ಲ. ಬೆವತು ಏಳುತ್ತೇನೆ. “ಮತ್ತೆ ಅದೇನಾ? ಮಾಡಿದೋರು ಎಸಿ ಕೆಳ್ಗೆ ಆರಾಮಾಗವ್ರೆ, ನೀವ್ಯಾಕೆ ಹಿಂಗೆ ಸಾಯ್ತೀರಿ ಕಣ್ರೀ” ಎನ್ನುತ್ತಾಳೆ ಹೆಂಡತಿ ಪಾಪಮ್ಮ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಪೂರ್ತಿ ಓದಿ.

ಕಡೂರಿನ ಹತ್ತಿರ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದೆ. ಹೊಗೆ ಭೂಮಿಗೆ ಕೆಟ್ಟದ್ದು ಅಂತ ಅದನ್ನು ಮುಚ್ಚಿಸಿದಿರಿ. ಒಪ್ಪಿದೆ, ಆ ಹೊಗೆ ಭೂಮಿಗಿಂತ ಮೊದಲು ನನ್ನ ಎದೆಗೇ ಹೋಗಿತ್ತು. ಇನ್ನು ಹೊಗೆಯಿಲ್ಲದ ಕೆಲಸ, ಹೊಸ ಬದುಕು ಅಂತ ತರೀಕೆರೆಯ ಹಾಲ್‌ನಲ್ಲಿ ನಮ್ಮನ್ನು ಕೂರಿಸಿದಿರಿ. ಏನು ಕಲಿಸಿದಿರಿ? ಪರದೆಯ ಮೇಲೆ ಕರಗುವ ಹಿಮ, ಬಡಕಲು ಬಿಳಿ ಕರಡಿ, ಆಮೇಲೆ ಉಪ್ಪಿಟ್ಟು. ಆ ಕರಡಿಯ ಚಿಂತೆಯಲ್ಲಿ ನನಗೆ ಉಪ್ಪಿಟ್ಟೂ ಇಳಿಯಲಿಲ್ಲ. ಒಂದಾದರೂ ಫಲಕ ಮುಟ್ಟಿಸಿದಿರಾ? ಅದರ ಮೇಲೆ ಏನಾದರೂ ಮೆತ್ತಿಕೊಂಡು ಬೆಳಕು ತಡೆದರೆ ಆ ಜಾಗ ಕಾದು ಸುಡುತ್ತದೆ ಅಂತ ಯಾರಾದರೂ ಬಾಯಿ ಬಿಟ್ಟರಾ?

ಹಾಗೇ ಅಜ್ಜಂಪುರದಾಚೆಯ ಬಯಲಿಗೆ ಫಲಕ ನೋಡಿಕೊಳ್ಳುವ ಕೆಲಸಕ್ಕೆ ಕಳಿಸಿದಿರಿ. ಆಯುಧಪೂಜೆ ಬಂತು. ವರ್ಷವರ್ಷವೂ ಒಲೆಗೆ ಪೂಜೆ ಮಾಡಿದವರು ನಾವು. ಅನ್ನ ಕೊಡುವ ಫಲಕವನ್ನು ಬೋಳು ಹಣೆಯಲ್ಲಿ ಬಿಡುತ್ತೇವೆಯೇ? ವಿಭೂತಿ ಪಟ್ಟೆ ಎಳೆದು, ಅರಿಸಿನ ಕುಂಕುಮ ಗಟ್ಟಿಯಾಗಿ ಕಲಸಿ ಮೆತ್ತಿದೆವು. ನನಗೆ ಅಳುಕು. “ಲೇ ಈರಭದ್ರಪ್ಪ, ಗಾಜು ಕಣೋ, ಏನಾರ ಆದೀತು” ಅಂದೆ. ಜೊತೆಗಾರ ನಕ್ಕುಬಿಟ್ಟ. “ಉರಿಯೋ ಒಲೆಗೇ ಇಟ್ಟಿದೀವಿ, ಇದಕ್ಕೇನಾಯ್ತದೆ? ನಿನ್ ಮಾತ್ ಕೇಳಿದ್ರೆ ದೇವ್ರಿಗೂ ಜ್ವರ ಬತ್ತದೆ!” ಪೂಜೆಯ ಗುರುತನ್ನು ನಾವು ಕೈಯಾರೆ ಒರೆಸುವುದಿಲ್ಲ, ಅದು ತಾನಾಗಿ ಹೋಗಬೇಕು. ಮಳೆ ಬರಲಿಲ್ಲ. ಫಲಕಗಳಲ್ಲಿ ಕಂದು ಸುಟ್ಟಕಲೆ ಎದ್ದವು.

ನಮ್ಮಿಬ್ಬರನ್ನೂ ತೆಗೆದರು. ಕಾರಣ, ನಿಮ್ಮ ವರದಿ: ಸಂಪೂರ್ಣ ತರಬೇತಿ ಪಡೆದೂ ಉದ್ದೇಶಪೂರ್ವಕವಾಗಿ ಹಾಳುಮಾಡಿದ್ದಾರಂತೆ. ಈಗ ಯಾವ ಗೇಟಿಗೆ ಹೋದರೂ “ಫಲಕ ಸುಟ್ಟೋನು ನೀನೇ ಏನಪ್ಪಾ?” ಅಂತ ವಾಪಸ್ ಕಳಿಸುತ್ತಾರೆ. ಕುಂಕುಮ ಇಟ್ಟು ಹಗೆ ತೀರಿಸಿಕೊಳ್ಳುವವರನ್ನು ತಾವು ಎಲ್ಲಿ ಕಂಡಿರಿ ಸ್ವಾಮಿ? ಒಲೆ ಆರಿಸಿದ್ದು ನೀವು, ಹೊಸದನ್ನು ಕಲಿಸದೆ ಬಿಟ್ಟದ್ದು ನೀವು, ಉದ್ದೇಶ ಮಾತ್ರ ನಮ್ಮದೇ?

ಆ ಮಾತನ್ನು ವರದಿಯಿಂದ ಕಿತ್ತುಹಾಕಿ. ನಮ್ಮನ್ನು ಮತ್ತೆ ಕೆಲಸಕ್ಕೆ ಸೇರಿಸಿ, ಬಯಲಲ್ಲಿ ನಿಲ್ಲಿಸಿ, ಮುಟ್ಟಿಸಿ ಕಲಿಸಿ.

ಇನ್ನೊಂದು ವಿಷಯ ದಯವಿಟ್ಟು ಮತ್ತೆ ನೋಡಿ, ನನ್ನ ಕಣ್ಣೇ ತಪ್ಪಿರಬಹುದು ಅಂತ ಭಯ. ಮೊದಲ ಸಾಲಿನ ಮೊದಲ ಫಲಕವನ್ನೂ ನಮ್ಮ ತಲೆಗೇ ಕಟ್ಟಿದ್ದೀರಿ. ಅವತ್ತು ಪೂಜೆಗೆ ಮುಖ್ಯ ಅತಿಥಿಯಾಗಿ ಬಂದು ಅದಕ್ಕೆ ಕುಂಕುಮ ಮೆತ್ತಿದವರು ತಾವೇ ಅಲ್ಲವೇ?

ಇಂತಿ,
ಬೆಂಕಿಯಿಂದ ಬಿಸಿಲಿಗೆ ಬಂದು, ಈಗ ಸುಮ್ಮನೆ ನೆರಳಲ್ಲಿ ಕೂತಿರುವ
ತಿಪ್ಪೇಶ